ಲೆನ್ಸ್‌ಗೆ ಮರಳು ಹೋದ್ರೆ ಮೊದ್ಲು ಬ್ಯಾಟ್ರಿ ತೆಗೀರಿ

ಹೇಮಾವತಿ ಡ್ಯಾಮ್ ಹಿನ್ನೀರು ಇಳಿದಾಗ ಹಾಸನದ ಕಡೆ ಇರೋ ಪಾಳುಬಿದ್ದ ಶೆಟ್ಟಿಹಳ್ಳಿ ಚರ್ಚ್ ಹತ್ರ ಫೋಟೋ ತೆಗಿಯಕ್ಕೆ ಹೋಗೋರು ಸ್ವಲ್ಪ ಹುಷಾರು ಕಣ್ರಪ್ಪ. ಹೋದ್ ಭಾನ್ವಾರ ನನ್ ಚಿಕ್ಕ ಕ್ಯಾಮ್ರಾ ಅಲ್ಲೇ ಕೈಜಾರಿ ಮರಳಿಗೆ ಬಿತ್ತು, ಆನ್ ಮಾಡಿದ್ರೆ ಲೆನ್ಸ್ ಅರ್ಧ ಹೊರಗೆ ಬಂದು ಕರ್ ಕರ್ ಅಂತ ಸೌಂಡ್ ಮಾಡಿ ನಿಂತೋಯ್ತು, ಸ್ಕ್ರೀನಲ್ಲಿ ಲೆನ್ಸ್ ಎರರ್. ನಾನೋ ದಡ್ಡ, ಇನ್ನೆರಡು ಸಲ ಆನ್ ಆಫ್ ಮಾಡ್ದೆ. ಹಂಗ್ ಮಾಡ್ಬೇಡಿ, ಒಳಗಿರೋ ಸಣ್ಣ ಗೇರ್ ಹಲ್ಲು ಮುರಿದ್ರೆ ಕಥೆ ಮುಗೀತು.

ಬ್ಯಾಟ್ರಿ ತೆಗೆದು, ಲೆನ್ಸ್ ಮುಖ ಕೆಳಗೆ ಮಾಡಿ ಹಿಡ್ಕೊಂಡು, ರಬ್ಬರ್ ಬ್ಲೋವರಲ್ಲಿ (ಒತ್ತಿದ್ರೆ ಗಾಳಿ ಬರೋ ರಬ್ಬರ್ ಬುರುಡೆ) ಲೆನ್ಸ್ ಸುತ್ತ ಒಂದರೊಳಗೊಂದು ಇರೋ ಉಂಗುರಗಳ ಸಂದಿಗೆ ಸುತ್ತಲೂ ಗಾಳಿ ಹೊಡೀರಿ. ಬಾಯಲ್ಲಿ ಊದ್ಬೇಡಿ, ಎಂಜಲು ತಾಗಿದ್ರೆ ಮರಳು ಇನ್ನೂ ಅಂಟ್ಕೊಳತ್ತೆ. ಆಮೇಲೆ ನೋಟ್‌ಬುಕ್ ಹಾಳೇನ ತೆಳ್ಳಗೆ ಪಟ್ಟಿ ಕತ್ತರಿಸಿ ಸಂದೀಲಿ ಮೆಲ್ಲಗೆ ಸುತ್ತಿಸಿ (ವಿಸಿಟಿಂಗ್ ಕಾರ್ಡ್ ಟ್ರೈ ಮಾಡ್ದೆ, ದಪ್ಪ ಆಯ್ತು), ಮತ್ತೆ ಗಾಳಿ ಹೊಡೀರಿ. ನಂಗೆ ಮೂರ್ನಾಲ್ಕು ಸಲ ಮಾಡಿದ್ಮೇಲೆ ಎರಡು ಹರಳು ಟೇಬಲ್ ಮೇಲೆ ಉದುರಿದ್ವು, ಸಾಸಿವೆಗಿಂತ ಚಿಕ್ಕವು! ಅಷ್ಟಕ್ಕೇ ಇಷ್ಟೆಲ್ಲಾ ರಾದ್ಧಾಂತ.

ಗಾಜಿನ ಮೇಲಿರೋ ಮರಳನ್ನ ಮಾತ್ರ ಬಟ್ಟೇಲಿ ಒರೆಸ್ಬೇಡಿ, ಮರಳಲ್ಲಿರೋ ಕ್ವಾರ್ಟ್ಜ್ ಗಾಜಿಗಿಂತ ಗಟ್ಟಿ, ಕೋಟಿಂಗ್ ಗೀರೋಗತ್ತೆ. ಮೊದ್ಲು ಗಾಳಿ, ಆಮೇಲೆ ಮೆತ್ತನೆ ಬ್ರಶ್, ಬಟ್ಟೆ ಕೊನೇಗೆ. ಎಣ್ಣೆಗಿಣ್ಣೆ ಬಿಡೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ. ನಂದು ಈಗ ಓಡ್ತಿದೆ, ಜೂಮ್ ಮಾಡುವಾಗ ಸ್ವಲ್ಪ ಸದ್ದು ಇನ್ನೂ ಇದೆ.