ವೃದ್ಧರ ಆರೈಕೆ ಕೇಂದ್ರದ ವಿರುದ್ಧ ಕೊಟ್ಟ ದೂರು ಕೊನೆಗೆ ಫಲಿಸಿದ್ದು ಹೇಗೆ

ಬೆಳಗಾವಿಯ ಖಾಸಗಿ ಆರೈಕೆ ಕೇಂದ್ರವೊಂದರಲ್ಲಿದ್ದ ಮಾವನವರಿಗೆ ಸೊಂಟದ ಕೆಳಗೆ ಹಾಸಿಗೆ ಹುಣ್ಣಾಗಿತ್ತು. ಮಲಗಿದಲ್ಲೇ ಇರುವವರ ಮಗ್ಗಲನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಬದಲಿಸಬೇಕು. ‘ಬದಲಿಸುತ್ತಿದ್ದೇವೆ’ ಎಂಬುದೊಂದೇ ಸಿಬ್ಬಂದಿಯ ಉತ್ತರ.

ವ್ಯವಸ್ಥಾಪಕರಿಗೆ ಬಾಯಿಮಾತಿನ ದೂರು, ಮಾಲೀಕರಿಗೆ ಫೋನು, ಭೇಟಿಯ ವೇಳೆಯಲ್ಲಿ ಜಗಳ, ಯಾವುದೂ ಫಲಿಸಲಿಲ್ಲ. ಹಿರಿಯರ ಸಹಾಯವಾಣಿ 14567 ದಾರಿ ತೋರಿಸಿತು. ದಾಖಲೆ ನಾವೇ ಹೊಂದಿಸಬೇಕು.

ಮೊದಲು ಸಿಸಿಟಿವಿ ದೃಶ್ಯ ಅಳಿಸಬಾರದೆಂದು ಇಮೇಲ್ ಕಳುಹಿಸಿದೆ. ಹಳೆಯದರ ಮೇಲೆ ಹೊಸದು ದಾಖಲಾಗುತ್ತದೆ, ತಡಮಾಡಿದರೆ ಹೋಯಿತು. ಅದೇ ದಿನ ಮಗ್ಗಲು ಬದಲಿಸಿದ ಪಟ್ಟಿಯ ಎಲ್ಲ ಪುಟಗಳ ಫೋಟೊ ತೆಗೆದುಕೊಂಡೆ. ಹುಣ್ಣಿನ ಪಕ್ಕ ಅಳತೆಪಟ್ಟಿ ಇಟ್ಟು, ದಿನಾಂಕ ಕಾಣುವಂತೆ ಇನ್ನೊಂದು. ಆಮೇಲೆ ಪಟ್ಟಿಯನ್ನು ಆಸ್ಪತ್ರೆಯ ಹೊರರೋಗಿ ಚೀಟಿಗಳೊಂದಿಗೆ ತಾಳೆ ನೋಡಿದೆ. ಮಾವನವರು ಆಸ್ಪತ್ರೆಯಲ್ಲಿದ್ದ ಮಧ್ಯಾಹ್ನವೂ ‘ಎಡ ಮಗ್ಗಲು’, ‘ಬಲ ಮಗ್ಗಲು’ ಎಂದು ಸಹಿ ಬಿದ್ದಿತ್ತು! ಇಡೀ ದೂರನ್ನು ಅದರ ಮೇಲೆಯೇ ನಿಲ್ಲಿಸಿದೆ; ಊಟ, ಸೊಳ್ಳೆಗಳ ಗೋಳು ಕೈಬಿಟ್ಟೆ.

ಒಂದೇ ಪುಟ, ನಾಲ್ಕು ಕಾಲಂ: ದಿನಾಂಕ, ವೇಳೆ, ಪಟ್ಟಿಯಲ್ಲಿ ಬರೆದದ್ದು, ನಡೆದದ್ದು. ಅದನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೆ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಇನ್ನೊಂದು ಪ್ರತಿ ಜಿಲ್ಲಾಧಿಕಾರಿ ಕಚೇರಿಯ ಟಪಾಲು ವಿಭಾಗಕ್ಕೆ. ತಪಾಸಣೆಗೆ ಬಂದವರು ಮೊದಲು ಕೇಳಿದ್ದು ಪಟ್ಟಿಯ ಮೂಲ ಪುಸ್ತಕವನ್ನೇ. ಈಗ ರಾತ್ರಿ ಪಾಳಿಗೆ ಇನ್ನೊಬ್ಬ ಸಹಾಯಕರಿದ್ದಾರೆ. ಪಟ್ಟಿಯನ್ನು ಮಂಚಕ್ಕೇ ತೂಗುಹಾಕಿದ್ದಾರೆ.