ಲಾಬಿ ಖರ್ಚಿಗೊಂದು ಕಾಲಂ

ಅಮ್ಮ ದಾವಣಗೆರೆಯಿಂದ ಫೋನ್ ಮಾಡಿದಾಗಲೆಲ್ಲ ಕೇಳುವ ಪ್ರಶ್ನೆ ಒಂದೇ. "ಅಲ್ಲ ಕಣೇ, ನೀನು ಅಲ್ಲಿ ಮಾಡೋ ಕೆಲಸ ಏನು?"

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಏಳು ಜನರ ಒಂದು ಸಣ್ಣ ಸಂಸ್ಥೆ ನಮ್ಮದು. ಅದಕ್ಕೆ ಗ್ರಾಂಟ್ ಅರ್ಜಿ ಬರೆಯುವವಳು ನಾನು. ಬಂದ ಹಣದಲ್ಲಿ ನಾವು ಊಟ ಹಾಕುವುದಿಲ್ಲ, ಸ್ಕಾಲರ್‌ಶಿಪ್ ಕೊಡುವುದಿಲ್ಲ. ಕಾನೂನು ಬದಲಾಗಲಿ ಅಂತ ಓಡಾಡುತ್ತೇವೆ. "ಅಂದ್ರೆ ಹಣ ಈಸ್ಕೊಂಡು ಯಾರಿಗೂ ಏನೂ ಹಂಚಲ್ವಾ?" ಅಂದರು ಅಮ್ಮ. ಮೊದಮೊದಲು ನಮ್ಮಂಥವರಿಗೆ ಗ್ರಾಂಟ್ ಕೊಡುವ ಫೌಂಡೇಶನ್‌ನವರೂ ಹೆಚ್ಚುಕಡಿಮೆ ಇದನ್ನೇ ಕೇಳಿದ್ದರು, ಸ್ವಲ್ಪ ನಯವಾಗಿ.

ನಮ್ಮ ವಿಷಯ ಬಿಳಿಯರ ಮತ್ತು ಕಪ್ಪುವರ್ಣೀಯರ ಮನೆಗಳ ನಡುವಿನ ಆಸ್ತಿ ಅಂತರ. ಇಲ್ಲಿನ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಮೂರು ವರ್ಷಕ್ಕೊಮ್ಮೆ ಸಮೀಕ್ಷೆ ಮಾಡುತ್ತದೆ. 2022ರ ಸಮೀಕ್ಷೆಯಲ್ಲಿ ಬಿಳಿಯರ ಮನೆಗಳನ್ನೆಲ್ಲ ಆಸ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ಸಿಗುವ ಮನೆಯ ಆಸ್ತಿ ಸುಮಾರು 2,85,000 ಡಾಲರ್. ಕಪ್ಪುವರ್ಣೀಯರ ಸಾಲಿನಲ್ಲಿ ಅದು ಸುಮಾರು 44,900. ಇದು ಸಂಬಳದ ಲೆಕ್ಕ ಅಲ್ಲ, ಇರುವುದರಲ್ಲಿ ಸಾಲ ಕಳೆದು ಉಳಿದದ್ದರ ಲೆಕ್ಕ. 1930ರ ದಶಕದಲ್ಲಿ ಕಪ್ಪು ಜನ ಇದ್ದ ಬಡಾವಣೆಗಳನ್ನು ನಕಾಶೆಯಲ್ಲಿ ಕೆಂಪು ಬಣ್ಣ ಹಚ್ಚಿ ಅಪಾಯದ ಜಾಗ ಅಂತ ಗುರುತಿಸಿದರು. ಗೃಹಸಾಲ ಸಿಗಲಿಲ್ಲ. ಮನೆ ಕೊಳ್ಳಲಾಗದ ಅಜ್ಜ ಮೊಮ್ಮಕ್ಕಳಿಗೆ ಬಿಟ್ಟುಹೋಗುವುದಾದರೂ ಏನನ್ನು?

ಇದಕ್ಕೆ ಡ್ಯಾರಿಕ್ ಹ್ಯಾಮಿಲ್ಟನ್ ಮತ್ತು ವಿಲಿಯಂ ಡ್ಯಾರಿಟಿ ಎಂಬ ಅರ್ಥಶಾಸ್ತ್ರಜ್ಞರು ಮುಂದಿಟ್ಟ ಒಂದು ದಾರಿ ಬೇಬಿ ಬಾಂಡ್. ಮಗು ಹುಟ್ಟಿದಾಗ ಸರ್ಕಾರವೇ ಅದರ ಹೆಸರಿನಲ್ಲಿ ಹಣ ತೊಡಗಿಸುತ್ತದೆ, ದೊಡ್ಡದಾದ ಮೇಲೆ ಕೊಡುತ್ತದೆ. ಇದನ್ನು ಅಮ್ಮನಿಗೆ ಹೇಳಿದಾಗ ಮಾತ್ರ ಅವರಿಗೆ ಥಟ್ಟನೆ ಅರ್ಥವಾಯಿತು. "ಓ, ಭಾಗ್ಯಲಕ್ಷ್ಮಿ ಬಾಂಡ್!" ಹೌದು, 2006ರಲ್ಲಿ ಕರ್ನಾಟಕದಲ್ಲಿ ಶುರುವಾದ ಯೋಜನೆಯೂ ಬಡಮನೆಯ ಹೆಣ್ಣುಮಗುವಿನ ಹೆಸರಿನಲ್ಲಿ ದುಡ್ಡಿಟ್ಟು ಹದಿನೆಂಟಕ್ಕೆ ಕೊಡುವಂಥದ್ದೇ. ಐದು ವರ್ಷದಲ್ಲಿ ನಾನು ಬರೆದ ಯಾವ ಅರ್ಜಿಯಲ್ಲೂ ಅಷ್ಟು ಚುಟುಕಾಗಿ ವಿವರಿಸಲು ಆಗಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

2020ರಲ್ಲಿ ನಾನು ಬರೆದ ಮೊದಲ ಅರ್ಜಿಯಲ್ಲಿ 'ಲಾಬಿ' ಅನ್ನುವ ಪದವೇ ಇರಲಿಲ್ಲ. ಲಾಬಿ ಅಂದರೆ ಒಂದು ಮಸೂದೆಯ ಪರವಾಗಿಯೋ ವಿರುದ್ಧವಾಗಿಯೋ ಶಾಸಕರ ಮನವೊಲಿಸುವ ಕೆಲಸ. ಬೇಕಂತಲೇ ಬಿಟ್ಟಿದ್ದೆ. ದತ್ತಿ ಸಂಸ್ಥೆ ಲಾಬಿ ಮಾಡಬಾರದು, ಮಾಡಿದರೆ ತೆರಿಗೆ ವಿನಾಯಿತಿ ಹೋಗುತ್ತದೆ ಅಂತ ಎಲ್ಲೋ ಕೇಳಿದ್ದೆ. ಹಾಗಾಗಿ ಎಲ್ಲದಕ್ಕೂ 'ಜಾಗೃತಿ', 'ಶಿಕ್ಷಣ', 'ಸಂವಾದ' ಅಂತ ಹೆಸರಿಟ್ಟೆ. ಫೌಂಡೇಶನ್ನಿನಲ್ಲಿ ಅರ್ಜಿಗಳನ್ನು ನೋಡುವ ಪ್ರೋಗ್ರಾಂ ಆಫೀಸರ್ ಫೋನ್ ಮಾಡಿ, "ಓದಿದೆ. ಆದರೆ ನೀವು ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದು ಏನು ಮಾಡ್ತೀರಿ ಅಂತ ಗೊತ್ತಾಗಲಿಲ್ಲ" ಅಂದರು. ಅರ್ಜಿ ಬಿದ್ದುಹೋಯಿತು. ಬೀಳಬೇಕಾದದ್ದೇ.

ಆಮೇಲೆ ಒಬ್ಬ ವಕೀಲರ ಹತ್ತಿರ ಎರಡು ಗಂಟೆ ಕೂತು ಕಲಿತೆ. ದತ್ತಿ ಸಂಸ್ಥೆ ಲಾಬಿ ಮಾಡಬಹುದು, ಮಿತಿಯೊಳಗೆ. ಆ ಮಿತಿಯನ್ನು ಅಂದಾಜಿನ ಮೇಲೆ ಬಿಡದೆ ಖರ್ಚಿನ ಲೆಕ್ಕದಲ್ಲಿ ಅಳೆಯಿರಿ ಅಂತ ಕೇಳಿಕೊಳ್ಳುವುದಕ್ಕೆ 501(ಎಚ್) ಅಂತ ಒಂದು ಆಯ್ಕೆ ಇದೆ, 1976ರಿಂದಲೂ. ತೆರಿಗೆ ಇಲಾಖೆಗೆ 5768 ನಂಬರಿನ ಸಣ್ಣ ಫಾರ್ಮ್ ಕಳಿಸಿದರೆ ಮುಗಿಯಿತು. ವರ್ಷದ ಖರ್ಚಿನ ಮೊದಲ ಐದು ಲಕ್ಷ ಡಾಲರ್‌ನಲ್ಲಿ ಶೇ. 20ರಷ್ಟು ಲಾಬಿಗೆ ಹೋಗಬಹುದು. ಆ ಪಾಲಿನಲ್ಲಿ ಕಾಲು ಭಾಗ ಮಾತ್ರ, 'ನಿಮ್ಮ ಶಾಸಕರಿಗೆ ಫೋನ್ ಮಾಡಿ' ಅಂತ ಜನರಿಗೆ ಹೇಳುವ ಕೆಲಸಕ್ಕೆ. ನಮ್ಮ ಆಗಿನ ಖರ್ಚು 4,20,000. ಅಂದರೆ 84,000 ಡಾಲರ್ ತನಕ ಲಾಬಿ ಮಾಡಬಹುದಿತ್ತು. ನಾವು ಅದರ ಅರ್ಧವನ್ನೂ ಮುಟ್ಟಿರಲಿಲ್ಲ! ಸುಮ್ನೆ ಹೆದರಿ ಕೂತಿದ್ದೆವು.

ಇನ್ನೊಂದು ಕಲಿತದ್ದು, ಎಲ್ಲವೂ ಲಾಬಿ ಅಲ್ಲ ಅನ್ನುವುದು. ಒಂದು ನಿರ್ದಿಷ್ಟ ಮಸೂದೆ, ಅದರ ಬಗ್ಗೆ ನಮ್ಮ ಅಭಿಪ್ರಾಯ, ಕೇಳಿಸಿಕೊಳ್ಳುವ ಶಾಸಕ. ಮೂರೂ ಸೇರಿದರೆ ಲಾಬಿ. ಬೀದಿ ಬೀದಿ ತಿರುಗಿ ಬಾಡಿಗೆದಾರರ ಸಮೀಕ್ಷೆ ಮಾಡುವುದು ಲಾಬಿ ಅಲ್ಲ. ಕಾನೂನು ಬಂದ ಮೇಲೆ ಅದನ್ನು ಜಾರಿ ಮಾಡುವ ಕಚೇರಿಯವರ ಜೊತೆ ನಿಯಮಗಳ ಬಗ್ಗೆ ಕೂತು ಮಾತಾಡುವುದೂ ಅಲ್ಲ. ಅದೇ ಸಮೀಕ್ಷೆಯ ಮೇಲೆ 'ಈ ಮಸೂದೆಗೆ ಮತ ಹಾಕಿ' ಅಂತ ಚೀಟಿ ಅಂಟಿಸಿ ಶಾಸಕರ ಮೇಜಿಗೆ ಇಟ್ಟರೆ ಆ ಕೆಲಸ ಲಾಬಿ.

ಹಾಗಾಗಿ ಟೈಮ್‌ಶೀಟಿನಲ್ಲಿ ಹೊಸ ಕಾಲಂ ಹಾಕಿದೆ. ಹದಿನೈದು ನಿಮಿಷಕ್ಕೊಂದು ಗುರುತು. ನಮ್ಮ ನಿರ್ದೇಶಕಿ ಮೂವತ್ತು ವರ್ಷ ಈ ಹೋರಾಟದಲ್ಲಿ ಇದ್ದವರು. "ನಾನು ಕಾಫಿ ಕುಡಿಯುತ್ತಾ ಶಾಸಕರ ಜೊತೆ ಮಾತಾಡಿದ್ದನ್ನೂ ಬರೀಬೇಕಾ?" ಅಂತ ಗೊಣಗಿದರು. ಹೌದು, ಕಾಫಿಯ ದುಡ್ಡನ್ನೂ. ಮೂರು ತಿಂಗಳು ಜಗಳ ಆಡಿದೆವು. ಈಗ ಅವರೇ ಹೊಸಬರಿಗೆ ಹೇಳಿಕೊಡುತ್ತಾರೆ.

ಮುಂದಿನ ಅರ್ಜಿಯಲ್ಲಿ ಬಜೆಟ್ಟನ್ನು ಬಿಚ್ಚಿಟ್ಟೆ. ಯೋಜನೆಯ ಒಟ್ಟು ಖರ್ಚು 1,20,000. ಅದರಲ್ಲಿ ಲಾಬಿ 30,000, ಪ್ರತ್ಯೇಕ ಕಾಲಂನಲ್ಲಿ. ಖಾಸಗಿ ಫೌಂಡೇಶನ್‌ಗಳು ಇಂಥ ದುಡ್ಡು ಲಾಬಿಗೇ ಅಂತ ಮೀಸಲಿಟ್ಟು ಕೊಡುವ ಹಾಗಿಲ್ಲ. ಆದರೆ ಲಾಬಿ ಬಿಟ್ಟು ಉಳಿದ 90,000ದವರೆಗೆ ಆ ಯೋಜನೆಗೇ ಕೊಡಬಹುದು. ನಾವು ಕೇಳಿದ್ದು 75,000. ಲಾಬಿಯ ಭಾಗಕ್ಕೆ ಊರಿನ ಜನ ಕೊಟ್ಟ ಚಿಲ್ಲರೆ ದೇಣಿಗೆ ಬಳಸುತ್ತೇವೆ ಅಂತ ಬರೆದೆ. ಅವರ ವಕೀಲರು ಒಂದೇ ಒಂದು ಪ್ರಶ್ನೆ ಕೇಳಿದರು, ನಾವು ಉತ್ತರಿಸಿದೆವು, ಹಣ ಬಂತು. ಲಾಬಿ ಬಚ್ಚಿಟ್ಟಾಗ ಬಿದ್ದ ಅರ್ಜಿ, ಎಣಿಸಿ ತೋರಿಸಿದಾಗ ಪಾಸಾಯಿತು. ಇದೆಲ್ಲಕ್ಕಿಂತ ಒಳ್ಳೆಯದು ಯಾವ ಕೆಲಸಕ್ಕೂ ಕಟ್ಟಿಹಾಕದ ಸಾಮಾನ್ಯ ಗ್ರಾಂಟ್. ಅದು ಸಿಕ್ಕರೆ ಬಿಡಬೇಡಿ. ಸಿಗುವುದು ಅಪರೂಪ ಅಷ್ಟೆ.

2021ರಲ್ಲಿ ಕನೆಕ್ಟಿಕಟ್ ಬೇಬಿ ಬಾಂಡ್ ಕಾನೂನು ಮಾಡಿತು, ದೇಶದಲ್ಲೇ ಮೊದಲು. ನಮ್ಮಂಥ ಎಷ್ಟೋ ಸಂಸ್ಥೆಗಳ ಓಡಾಟ ಅದರ ಹಿಂದೆ ಇತ್ತು. ನಮ್ಮ ಪಾಲು ಇಷ್ಟು ಅಂತ ನಾನು ಎಲ್ಲೂ ಬರೆಯಲಿಲ್ಲ. ಬರೆಯಿರಿ ಅಂತ ಫೌಂಡೇಶನ್ನಿನ ರಿಪೋರ್ಟ್ ಫಾರ್ಮ್ ಒತ್ತಾಯ ಮಾಡುತ್ತದೆ, ಆದರೂ. ಕಾನೂನು ಬಂತು ಅಂತ ಆಫೀಸಿನಲ್ಲಿ ಕೇಕ್ ಕತ್ತರಿಸಿದೆವು. ವರ್ಷಕ್ಕೆ ಐದು ಕೋಟಿ ಡಾಲರ್‌ನಂತೆ ಹನ್ನೆರಡು ವರ್ಷ ರಾಜ್ಯ ಸಾಲ ಎತ್ತಿ ಹಣ ಹಾಕಬೇಕಿತ್ತು. ಹಾಕಲಿಲ್ಲ. ಎರಡು ವರ್ಷ ಕಾನೂನು ಪುಸ್ತಕದಲ್ಲೇ ಉಳಿಯಿತು.

ಆ ಎರಡು ವರ್ಷದ ರಿಪೋರ್ಟ್ ಬರೆಯುವುದೇ ನನ್ನ ಕೆಲಸದ ಅತಿ ಕಷ್ಟದ ಭಾಗ. 'ಈ ಅವಧಿಯಲ್ಲಿ ಎಷ್ಟು ಫಲಾನುಭವಿಗಳು?' ಸೊನ್ನೆ. ಮೊದಲ ಸಲ ಸಭೆಗಳ ಸಂಖ್ಯೆ, ಕರಪತ್ರಗಳ ಸಂಖ್ಯೆ ತುಂಬಿ ಪುಟ ದಪ್ಪ ಮಾಡಿದೆ. ನನಗೇ ನಾಚಿಕೆಯಾಯಿತು. ಎರಡನೇ ಸಲ ಬೇರೆ ಥರ ಬರೆದೆ. ಹಣ ಎಲ್ಲಿ ನಿಂತಿದೆ, ಯಾರು ಸಹಿ ಹಾಕಬೇಕು, ವರ್ಷದ ಹಿಂದೆ ಬೇಡ ಅಂದಿದ್ದ ಯಾವ ಶಾಸಕರು ಈಗ ನೋಡೋಣ ಅಂತಿದ್ದಾರೆ. ಒಂದೂವರೆ ಪುಟ. ಅದನ್ನು ಓದಿ ಫೌಂಡೇಶನ್‌ನವರು ಇನ್ನೊಂದು ವರ್ಷ ಮುಂದುವರಿಸಿದರು.

2023ರಲ್ಲಿ ದಾರಿ ಸಿಕ್ಕಿತು. ಶಿಕ್ಷಕರ ಪಿಂಚಣಿಗೆ ಸಂಬಂಧಿಸಿದ ಒಂದು ಮೀಸಲು ನಿಧಿಯಿಂದ 38.1 ಕೋಟಿ ಡಾಲರ್ ಒಟ್ಟಿಗೇ ಬಂತು. 2023ರ ಜುಲೈ 1ರಿಂದ ಈಚೆಗೆ ಹುಟ್ಟಿದ, ಹೆರಿಗೆ ಖರ್ಚು ಹಸ್ಕಿ ಎಂಬ ಸರ್ಕಾರಿ ವಿಮೆಯಲ್ಲಿ ಆದ ಪ್ರತಿ ಮಗುವಿನ ಹೆಸರಿನಲ್ಲಿ 3,200 ಡಾಲರ್. ಹದಿನೆಂಟರಿಂದ ಮೂವತ್ತರೊಳಗೆ ಓದಿಗೋ, ಮನೆಗೋ, ವ್ಯಾಪಾರಕ್ಕೋ, ನಿವೃತ್ತಿಯ ಉಳಿತಾಯಕ್ಕೋ ತೆಗೆದುಕೊಳ್ಳಬಹುದು. ಗಮನಿಸಿ, ಎಲ್ಲೂ ಬಣ್ಣದ ಮಾತಿಲ್ಲ. ಬಡತನವೇ ಅಳತೆಗೋಲು. ಆಗ ನನಗೆ ಇದು ರಾಜಿ ಅನಿಸಿತ್ತು. 2024ರಲ್ಲಿ ಅಟ್ಲಾಂಟಾದ ಫಿಯರ್‌ಲೆಸ್ ಫಂಡ್, ಕಪ್ಪುವರ್ಣೀಯ ಮಹಿಳೆಯರ ವ್ಯಾಪಾರಕ್ಕೆ ಕೊಡುತ್ತಿದ್ದ 20,000 ಡಾಲರ್ ಗ್ರಾಂಟನ್ನು ನ್ಯಾಯಾಲಯದ ತಡೆಯ ನಂತರ ನಿಲ್ಲಿಸಬೇಕಾಯಿತು. ಆಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಬದಲಾಯಿತು. ಈಗ ಕೆಲವು ಫೌಂಡೇಶನ್‌ಗಳ ಅರ್ಜಿ ಫಾರ್ಮಿನಲ್ಲಿ ವರ್ಣದ ಪದವೇ ಮಾಯ. ನಾವು ಯೋಜನೆಯ ವಿವರದಲ್ಲಿ ಆದಾಯದ ಮಾತಾಡುತ್ತೇವೆ. ಆದರೆ ಹಿನ್ನೆಲೆಯ ಪುಟದಲ್ಲಿ 2,85,000 ಮತ್ತು 44,900, ಎರಡನ್ನೂ ಬಿಟ್ಟಿಲ್ಲ.

ಹಣ ಬಂದ ಮೇಲೆ ಬರೆದ ರಿಪೋರ್ಟಿನಲ್ಲಿ ಫಲಾನುಭವಿಗಳ ಕಾಲಂ ಕೊನೆಗೂ ತುಂಬಿತು. ಅದೇ ವಾರ ಒಬ್ಬ ತಾಯಿ ಫೋನ್ ಮಾಡಿದರು. ನಮ್ಮ ಜೊತೆ ಶಾಸಕಾಂಗದ ಸಮಿತಿ ಮುಂದೆ ಮೂರು ನಿಮಿಷ ಮಾತಾಡಿದ್ದವರು, ಆಗ ಬಸುರಿ. ಅವರ ಮಗ ಹುಟ್ಟಿದ್ದು 2023ರ ಮಾರ್ಚ್‌ನಲ್ಲಿ. "ಹಾಗಾದ್ರೆ ಇವನಿಗೆ ಇಲ್ವಾ?" ಅಂದರು. ಇಲ್ಲ. ಕಾನೂನು ಬಂದು ಹಣ ಬರುವ ತನಕದ ಎರಡು ವರ್ಷದಲ್ಲಿ ಹುಟ್ಟಿದ ಮಕ್ಕಳೆಲ್ಲ ಹೊರಗೆ ಉಳಿದರು.

ಇದಕ್ಕೆ ಫಾರ್ಮಿನಲ್ಲಿ ಜಾಗ ಇರಲಿಲ್ಲ. 'ಇತರೆ' ಅನ್ನುವ ಕಡೆ ಬರೆದು ಕಳಿಸಿದೆ. ಪ್ರೋಗ್ರಾಂ ಆಫೀಸರ್ ಕೇಳಿದರು, "ಗೆದ್ದ ವರ್ಷದ ರಿಪೋರ್ಟಿನಲ್ಲಿ ಇದು ಬೇಕಾ?" ಬೇಕು ಅಂದೆ. ಹಾಗೇ ಬಿಟ್ಟರು.