ಕಂಟ್ರಿ ಹೌಸ್ ನೋಡುವಾಗ ಬಾಗಿಲುಗಳ ಜಾಡು ಹಿಡಿಯಿರಿ

ಇಂಗ್ಲೆಂಡಿನ ಶ್ರೀಮಂತ ಮನೆತನಗಳ ಹಳೆಯ ಕಂಟ್ರಿ ಹೌಸ್‌ಗಳಿಗೆ ಹೋದವರ ಕಣ್ಣು ಮೊದಲು ಚಾವಣಿಯ ಚಿತ್ತಾರಕ್ಕೆ ಹೋಗುತ್ತದೆ. ಅಲ್ಲಿ ಯಾರು ಹೇಗೆ ಬದುಕಿದ್ದರು ಎಂದು ತಿಳಿಯಬೇಕಾದರೆ ಬಾಗಿಲುಗಳನ್ನು ನೋಡಿ. ಅತಿಥಿಗೆ ಎಲ್ಲಿಯವರೆಗೆ ಪ್ರವೇಶವಿತ್ತು, ಆಳು ಎಲ್ಲಿಂದ ಬರುತ್ತಿದ್ದ ಎಂಬುದನ್ನು ಅವೇ ಹೇಳುತ್ತವೆ.

ಒಳಗೆ ಹೋಗುವ ಮೊದಲು ಹೊರಗಿನಿಂದ ಕಿಟಕಿಗಳ ಎತ್ತರ ಗಮನಿಸಿ. ಡರ್ಬಿಶೈರ್‌ನ ಹಾರ್ಡ್‌ವಿಕ್ ಹಾಲ್‌ನಲ್ಲಿ (1590–97) ಮೇಲೇರಿದಂತೆ ಕಿಟಕಿಗಳೂ ಎತ್ತರವಾಗುತ್ತವೆ. ನೆಲಮಹಡಿ ಆಳುಗಳದು, ನಡುವಿನದು ಮನೆಯವರದು, ಎಲ್ಲಕ್ಕಿಂತ ಮೇಲಿನದು ದರ್ಬಾರಿನ ಕೋಣೆಗಳದು. ಊಟದ ತಟ್ಟೆಗಳು ನೆಲಮಹಡಿಯ ಅಡುಗೆಮನೆಯಿಂದ ಉದ್ದನೆಯ ಕಲ್ಲಿನ ಮೆಟ್ಟಿಲೇರಿ ಅಲ್ಲಿಗೆ ಹೋಗಬೇಕಿತ್ತು.

17ನೇ ಶತಮಾನದ ಉತ್ತರಾರ್ಧದ ಮನೆಯಾದರೆ, ಮುಖ್ಯ ಕೋಣೆಗಳಲ್ಲಿ ಒಂದು ಬಾಗಿಲ ಬಳಿ ನಿಂತು ನೇರ ನೋಡಿ. ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿದ್ದರೆ ಅದು ಆನ್‌ಫಿಲಾಡ್. ಕ್ರಮ ಹೆಚ್ಚುಕಡಿಮೆ ಹೀಗಿರುತ್ತದೆ: ದೊಡ್ಡ ಸಭಾಕೋಣೆ, ಆಂಟಿಚೇಂಬರ್ (ಕಾಯುವ ಕೋಣೆ), ವಿತ್‌ಡ್ರಾಯಿಂಗ್ ರೂಮ್, ಮಲಗುವ ಕೋಣೆ, ಕೊನೆಗೆ ಕ್ಲೋಸೆಟ್, ಎಂದರೆ ಪುಟ್ಟ ಖಾಸಗಿ ಕೋಣೆ. ಸ್ಥಾನಮಾನ ಹೆಚ್ಚಿದಷ್ಟೂ ಅತಿಥಿಗೆ ಹೆಚ್ಚು ಬಾಗಿಲು ತೆರೆಯುತ್ತಿತ್ತು. ಕೊನೆಯ ಕ್ಲೋಸೆಟ್ ಚಿಕ್ಕದೆಂದು ಸರಸರನೆ ದಾಟಿಬಿಡಬೇಡಿ. ಅಲ್ಲಿಯವರೆಗೆ ತಲುಪುವುದೇ ದೊಡ್ಡ ಮರ್ಯಾದೆ. ಲಂಡನ್ ಬಳಿಯ ಹ್ಯಾಮ್ ಹೌಸ್‌ನಲ್ಲಿ ಎರಡನೇ ಚಾರ್ಲ್ಸ್ ದೊರೆಯ ರಾಣಿ ಕ್ಯಾಥರೀನ್‌ಗಾಗಿ 1670ರ ದಶಕದಲ್ಲಿ ಸಜ್ಜುಗೊಳಿಸಿದ ಕೋಣೆಗಳಲ್ಲಿ ಈ ಕ್ರಮ ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ಅಂದಹಾಗೆ, ಡ್ರಾಯಿಂಗ್ ರೂಮಿಗೂ ಚಿತ್ರ ಬರೆಯುವುದಕ್ಕೂ ಸಂಬಂಧವಿಲ್ಲ. ಅದು 'ವಿತ್‌ಡ್ರಾಯಿಂಗ್', ಎಂದರೆ ಸರಿದು ಕೂರುವ ಕೋಣೆ.

ಇನ್ನು ಆಳುಗಳ ದಾರಿ. ಗೋಡೆಯ ಬಣ್ಣ, ಕಾಗದ, ಮರದ ಪಟ್ಟಿ ಎಲ್ಲವೂ ಬಾಗಿಲಿನ ಮೇಲೆಯೇ ಮುಂದುವರಿದು ಅದನ್ನು ಮರೆಮಾಡಿರುತ್ತವೆ. ಇದು ಜಿಬ್ ಡೋರ್. ಓರೆಯಾಗಿ ನಿಂತು ನೋಡಿದರೆ ಕೂದಲೆಳೆಯ ಸೀಳು, ಪುಟ್ಟ ಬೀಗದ ಕಂಡಿ ಸಿಗುತ್ತದೆ. ಅದರಾಚೆ ಹೆಚ್ಚಾಗಿ ಹಿಂಬದಿಯ ಇಕ್ಕಟ್ಟಿನ ಮೆಟ್ಟಿಲು. ತಳ್ಳಿ ನೋಡಬೇಡಿ, ಕೋಣೆಯಲ್ಲಿರುವ ಸಿಬ್ಬಂದಿಯನ್ನು ಕೇಳಿ.

ಅಡುಗೆಮನೆಯಿಂದ ಊಟದ ಕೋಣೆಯವರೆಗೆ ನಡೆದು ಹೆಜ್ಜೆ ಎಣಿಸಿ. ಬೆಂಕಿಯ ಭಯಕ್ಕೂ ವಾಸನೆ ತಡೆಯುವುದಕ್ಕೂ ಅಡುಗೆಮನೆಯನ್ನು ದೂರವಿಡುತ್ತಿದ್ದರು. ಸಸೆಕ್ಸ್‌ನ ಪೆಟ್‌ವರ್ತ್ ಹೌಸ್‌ನಲ್ಲಿ ಅದು ಬೇರೆಯದೇ ಕಟ್ಟಡ, ನಡುವೆ ಸುರಂಗ. ಬಿಸಿಯೂಟದ ಪಾಡೇನೆಂದು ಊಹಿಸಬಹುದು. ಲಂಡನ್‌ನ ಆಸ್ಟರ್ಲಿ ಹೌಸ್‌ನ ಊಟದ ಕೋಣೆಯ ಗೋಡೆಗಳಲ್ಲಿ ಬಟ್ಟೆಯ ಹೊದಿಕೆಯ ಬದಲು ಗಾರೆಯ ಅಲಂಕಾರವಿದೆ, ಏಕೆಂದರೆ ಬಟ್ಟೆ ಊಟದ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ.

ಎಡವುವುದು ಪೀಠೋಪಕರಣಗಳ ವಿಷಯದಲ್ಲಿ. 18ನೇ ಶತಮಾನದಲ್ಲಿ ಕುರ್ಚಿಗಳು ಗೋಡೆಗೆ ಒತ್ತಿಕೊಂಡಿರುತ್ತಿದ್ದವು. ಬೇಕಾದಾಗ ಮುಂದೆಳೆದು, ಮುಗಿದ ಮೇಲೆ ಹಿಂದಿಡುತ್ತಿದ್ದರು. ನಡುವೆ ಹರಡಿಟ್ಟ ಸೋಫಾಗಳು 19ನೇ ಶತಮಾನದ ಅಭ್ಯಾಸ. ತಂತಿ ಎಳೆದರೆ ದೂರದಲ್ಲಿ ಬಾರಿಸುವ ಗಂಟೆಗಳೂ ಹಾಗೆಯೇ: 17ನೇ ಶತಮಾನದ ಕೋಣೆಯಲ್ಲಿ ಕಂಡರೆ ಅವು ಆಮೇಲೆ ಸೇರಿಸಿದವು. ಅದಕ್ಕೂ ಮೊದಲು ಕರೆದರೆ ಕೇಳುವಷ್ಟು ಹತ್ತಿರ, ಪಕ್ಕದ ಕೋಣೆಯಲ್ಲಿಯೇ, ಯಾರಾದರೊಬ್ಬರು ಕಾದು ಕೂತಿರಬೇಕಿತ್ತು.